ಕೇಳುವವರಿದ್ದರೆ ಭಾಷಣ: ಇಂಗ್ಲಿಷ್ ತರಗತಿಗಳನ್ನು ಆನ್‌ಲೈನ್‌ಗೆ ಒಯ್ದ ನನ್ನ ಅನುಭವ

ಶಿವಮೊಗ್ಗ ಜಿಲ್ಲೆಯ ಮಲೆನಾಡು ಭಾಗದ ಪದವಿ ಕಾಲೇಜೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಬಿ.ಎ. ಮತ್ತು ಬಿ.ಕಾಂ. ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯ ನಿಗದಿಪಡಿಸಿದ ಇಂಗ್ಲಿಷ್ ಭಾಷಾ ಪತ್ರಿಕೆಯ ಜೊತೆಗೆ, ಆಸಕ್ತರಿಗಾಗಿ ಕಾಲೇಜೇ ನಡೆಸುವ ಸಾರ್ವಜನಿಕ ಭಾಷಣದ ಸರ್ಟಿಫಿಕೇಟ್ ಕೋರ್ಸಿನ ಹೊಣೆಯೂ ನನ್ನದು. ಮೊದಲನೆಯದಕ್ಕೆ ಪಠ್ಯ, ಪರೀಕ್ಷೆ, ಅಂಕಗಳ ಹಂಚಿಕೆ ಎಲ್ಲವೂ ವಿಶ್ವವಿದ್ಯಾಲಯದಿಂದ ಬರುತ್ತವೆ. ಎರಡನೆಯದರಲ್ಲಿ, ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆಯಾದ ನ್ಯಾಕ್‌ನ ಲೆಕ್ಕಕ್ಕೆ ಕನಿಷ್ಠ 30 ಗಂಟೆಗಳಾಗಬೇಕೆಂಬುದನ್ನು ಬಿಟ್ಟರೆ, ಏನನ್ನು ಹೇಗೆ ಕಲಿಸಬೇಕೆಂಬುದು ಕಲಿಸುವವರಿಗೇ ಸೇರಿದ್ದು. 2020ರ ಮಾರ್ಚ್ ನಡುಭಾಗದಲ್ಲಿ ಕಾಲೇಜುಗಳು ಮುಚ್ಚಿ, 25ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಯಾದ ಮೇಲೆ ಈ ಎರಡನ್ನೂ ಫೋನಿನ ಮೂಲಕವೇ ನಡೆಸಬೇಕಾಗಿ ಬಂತು. ಅದನ್ನು ಹೇಗೆ ಮಾಡಿದೆ, ಯಾವುದನ್ನು ಉಳಿಸಿಕೊಂಡೆ, ಯಾವುದನ್ನು ಕೈಬಿಟ್ಟೆ ಎಂಬುದನ್ನು ಇದೇ ಕೆಲಸದಲ್ಲಿರುವ ಅಧ್ಯಾಪಕರಿಗೆ ಉಪಯೋಗವಾಗಬಹುದೆಂದು ಬರೆಯುತ್ತಿದ್ದೇನೆ.

ಅದೇ ಮಾರ್ಚ್ ಕೊನೆಯಲ್ಲಿ ಚಾರ್ಲ್ಸ್ ಹಾಜಸ್ ಮತ್ತು ಅವರ ಸಹಲೇಖಕರು ಅಮೆರಿಕದ ಎಜುಕಾಸ್ ರಿವ್ಯೂ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಬಿಕ್ಕಟ್ಟಿನ ಹೊತ್ತಿನಲ್ಲಿ ಆತುರವಾಗಿ ನಡೆಸುವ ದೂರಬೋಧನೆಯೇ ಬೇರೆ, ಮೊದಲೇ ಯೋಚಿಸಿ ಕಟ್ಟಿದ ಆನ್‌ಲೈನ್ ಶಿಕ್ಷಣವೇ ಬೇರೆ ಎಂಬುದು ಅವರ ವಾದವಾಗಿತ್ತು. ಆ ಲೇಖನ ನನ್ನ ಕೆಲಸದ ದಾರಿಯನ್ನು ಬದಲಿಸಿತು. ಮೊದಲ ವಾರಗಳಲ್ಲಿ ನಮ್ಮ ಸುತ್ತ ನಡೆಯುತ್ತಿದ್ದುದೆಲ್ಲ ಮೊದಲ ಬಗೆಯದು. ಹತ್ತು ಗಂಟೆಯ ತರಗತಿಯನ್ನು ಹತ್ತು ಗಂಟೆಗೇ ಫೋನಿನ ಮುಂದೆ ಕುಳಿತು ಹೇಳುವುದು, ಹಾಜರಿಗಾಗಿ ಪರದೆಯ ಚಿತ್ರ ತೆಗೆದಿಟ್ಟುಕೊಳ್ಳುವುದು. ಸೆಪ್ಟೆಂಬರ್ 1ರಿಂದ ಹೊಸ ಶೈಕ್ಷಣಿಕ ವರ್ಷದ ಪಾಠಗಳು ಆನ್‌ಲೈನ್‌ನಲ್ಲೇ ಆರಂಭವಾಗುವವೆಂದು ತಿಳಿದಾಗ, ಅಲ್ಲಿಯ ತನಕ ಸಿಕ್ಕ ಬಿಡುವನ್ನೆಲ್ಲ ಎರಡೂ ಕೋರ್ಸುಗಳನ್ನು ಬುಡದಿಂದ ಮತ್ತೆ ಕಟ್ಟುವುದಕ್ಕೆ ಬಳಸಿದೆ.

ಕಟ್ಟುವ ಮುನ್ನ ಪ್ರತಿಯೊಬ್ಬ ವಿದ್ಯಾರ್ಥಿಗೂ ಸಾಮಾನ್ಯ ಫೋನ್ ಕರೆ ಮಾಡಿ ವಿಚಾರಿಸಿದೆ. ಸ್ಮಾರ್ಟ್‌ಫೋನ್ ಇದೆಯೇ ಎಂಬ ಒಂದು ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. ಅದು ಯಾರ ಕೈಯಲ್ಲಿರುತ್ತದೆ, ಎಷ್ಟು ಹೊತ್ತಿಗೆ ನಿಮಗೆ ಸಿಗುತ್ತದೆ, ಮನೆಯೊಳಗೆ ಸಿಗ್ನಲ್ ಬರುತ್ತದೆಯೇ, ಇಲ್ಲವಾದರೆ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಬೇಕು. ಹಲವು ಮನೆಗಳಲ್ಲಿ ಫೋನು ಅಪ್ಪನ ಜೊತೆ ತೋಟಕ್ಕೋ ಪೇಟೆಗೋ ಹೋಗಿ ಸಂಜೆ ಮರಳುತ್ತಿತ್ತು. ಕೆಲವೆಡೆ ಅಣ್ಣ, ತಂಗಿ, ಹೈಸ್ಕೂಲಿನ ತಮ್ಮ ಮೂವರಿಗೂ ಒಂದೇ ಫೋನು, ದಿನಕ್ಕೆ 1.5 ಜಿಬಿ ಡೇಟಾ. ಗುಡ್ಡದ ನೆತ್ತಿಗೆ ಹತ್ತಿದರೆ ಮಾತ್ರ ಸಿಗ್ನಲ್ ಸಿಗುವ ಹಳ್ಳಿಗಳು ನಮ್ಮಲ್ಲಿ ಬೇಕಾದಷ್ಟಿವೆ, ಮಳೆಗಾಲದಲ್ಲಿ ಹೆಣ್ಣುಮಕ್ಕಳು ಒಬ್ಬರೇ ಅಲ್ಲಿಗೆ ಹೋಗುವುದನ್ನು ಯಾವ ತಾಯಿಯೂ ಒಪ್ಪುವುದಿಲ್ಲ. ಗಾಳಿಮಳೆಗೆ ಕರೆಂಟು ಹೋದರೆ ಫೋನ್ ಚಾರ್ಜ್ ಮಾಡುವುದೂ ಕಷ್ಟ. ಈ ಉತ್ತರಗಳನ್ನು ಕೇಳಿದ ಮೇಲೆ ಎಲ್ಲರೂ ಒಂದೇ ಹೊತ್ತಿಗೆ ವಿಡಿಯೊದಲ್ಲಿ ಸೇರುವ ಪಾಠವನ್ನು ಆಧಾರವಾಗಿಟ್ಟುಕೊಳ್ಳುವುದು ನ್ಯಾಯವಲ್ಲವೆಂದು ನನಗೆ ಖಚಿತವಾಯಿತು. ಧ್ವನಿಯನ್ನು ಆಧಾರ ಮಾಡಿಕೊಂಡೆ. ಹತ್ತು ನಿಮಿಷದ ವಾಟ್ಸ್ಆ್ಯಪ್ ಧ್ವನಿ ಸಂದೇಶವೊಂದು ಒಂದೆರಡು ಎಂಬಿಗೆ ಮುಗಿಯುತ್ತದೆ; ಸಿಗ್ನಲ್ ಸಿಕ್ಕ ಗಳಿಗೆಯಲ್ಲಿ ಇಳಿಸಿಕೊಂಡರೆ ಆಮೇಲೆ ಎಲ್ಲಿ ಬೇಕಾದರೂ, ಎಷ್ಟು ಸಲ ಬೇಕಾದರೂ ಕೇಳಬಹುದು.

ಭಾಷಾ ಪತ್ರಿಕೆಯ ಪಾಠಗಳನ್ನು ಹೀಗೆ ಎಂಟು ಹತ್ತು ನಿಮಿಷದ ತುಣುಕುಗಳಾಗಿ ಒಡೆದೆ. ಒಂದು ತುಣುಕಿಗೆ ಒಂದೇ ಕೆಲಸ: ಮೊದಲಿಗೆ ಪಠ್ಯದ ಒಂದು ಭಾಗವನ್ನು ಸ್ಪಷ್ಟವಾಗಿ, ನಿಧಾನವಾಗಿ ಇಂಗ್ಲಿಷಿನಲ್ಲಿ ಓದುವುದು, ನಂತರ ಅದರ ಕಷ್ಟದ ವಾಕ್ಯಗಳನ್ನು ಕನ್ನಡದಲ್ಲಿ ಬಿಡಿಸುವುದು, ಕೊನೆಯಲ್ಲಿ ಉತ್ತರ ಬರೆಯಲೇಬೇಕಾದ ಒಂದು ಪ್ರಶ್ನೆ. ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಇಂಗ್ಲಿಷ್ ವಾಕ್ಯವೊಂದು ಎಲ್ಲಿ ತಂಗಿ ಎಲ್ಲಿ ಮುಂದೆ ಸಾಗುತ್ತದೆ ಎಂಬುದು ಅವರಿಗೆ ಮುದ್ರಿತ ಪುಟದಿಂದ ಗೊತ್ತಾಗುವುದಿಲ್ಲ, ಕಿವಿಯಿಂದ ಗೊತ್ತಾಗುತ್ತದೆ. ಕೊಠಡಿಯಲ್ಲಿ ಒಮ್ಮೆ ಓದಿ ಮುಂದೆ ಹೋಗುತ್ತಿದ್ದ ಭಾಗವನ್ನು ಅವರು ಈಗ ಮತ್ತೆ ಮತ್ತೆ ಕೇಳತೊಡಗಿದರು. ಅಡಿಕೆ ಕೊಯ್ಲು ಶುರುವಾದ ಮೇಲೆ ಸಂಜೆಯಿಂದ ತಡರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ಮಕ್ಕಳು, ಕೈ ಕೆಲಸ ಮಾಡುತ್ತಿರುವಾಗ ಕಿವಿಯಲ್ಲಿ ಪಾಠ ಕೇಳುತ್ತಿದ್ದೆವೆಂದು ಹೇಳಿದರು. ಯಾವ ವಿಡಿಯೊ ಪಾಠಕ್ಕೂ ಇದು ಸಾಧ್ಯವಿರಲಿಲ್ಲ.

ಉತ್ತರಗಳನ್ನು ಫೋನಿನಲ್ಲಿ ಟೈಪ್ ಮಾಡಿಸದೆ, ನೋಟ್‌ಬುಕ್ಕಿನಲ್ಲಿ ಬರೆದು ಫೋಟೊ ತೆಗೆದು ಕಳಿಸುವಂತೆ ಹೇಳಿದೆ. ಪರೀಕ್ಷೆಯಲ್ಲಿ ಕೈಯಿಂದಲೇ ಬರೆಯಬೇಕು ಎಂಬುದು ಒಂದು ಕಾರಣ. ಇನ್ನೊಂದು ಕಾರಣ, ಟೈಪ್ ಮಾಡುವಾಗ ಫೋನು ತಾನೇ ಕಾಗುಣಿತ ತಿದ್ದಿಬಿಡುತ್ತದೆ, ಆಗ ವಿದ್ಯಾರ್ಥಿ ಎಲ್ಲಿ ಎಡವುತ್ತಿದ್ದಾರೆ ಎಂಬುದು ಅಧ್ಯಾಪಕರ ಕಣ್ಣಿಗೆ ಬೀಳುವುದಿಲ್ಲ. ಪುಟದ ಫೋಟೊದ ಮೇಲೆ ಕೆಂಪು ಗೆರೆ ಎಳೆದು ಕಳಿಸುವುದಕ್ಕಿಂತ, ಎರಡು ನಿಮಿಷದೊಳಗಿನ ಧ್ವನಿ ಸಂದೇಶದಲ್ಲಿ ಅವರ ಹೆಸರು ಹಿಡಿದು ಮಾತಾಡುವುದು ಹೆಚ್ಚು ಫಲ ಕೊಟ್ಟಿತು. ಪ್ರತಿ ಸಂದೇಶದಲ್ಲಿ ಚೆನ್ನಾಗಿ ಬಂದಿರುವ ಒಂದು ವಾಕ್ಯವನ್ನು ಓದಿ ಹೇಳುತ್ತಿದ್ದೆ, ಮತ್ತೆ ಮತ್ತೆ ಬಂದ ಒಂದೇ ಒಂದು ದೋಷವನ್ನು ವಿವರಿಸುತ್ತಿದ್ದೆ, ಅದನ್ನು ಮಾತ್ರ ತಿದ್ದಿ ಮತ್ತೆ ಬರೆಯಲು ಕೇಳುತ್ತಿದ್ದೆ. ಹತ್ತು ತಪ್ಪುಗಳನ್ನು ಒಟ್ಟಿಗೆ ತೋರಿಸಿದರೆ ಯಾರೂ ಒಂದನ್ನೂ ತಿದ್ದಿಕೊಳ್ಳುವುದಿಲ್ಲ ಎಂಬುದು ಎಲ್ಲ ಭಾಷಾ ಅಧ್ಯಾಪಕರಿಗೂ ಗೊತ್ತಿರುವ ಸತ್ಯ. ದೂರದಿಂದ ಕಲಿಸುವಾಗ ಅದು ಇನ್ನೂ ನಿಜ.

ಅಂತರ್ಜಾಲದಿಂದ ಇಳಿಸಿ ಬರೆಯುವ ಚಾಳಿಗೆ ನಾನು ಕಂಡುಕೊಂಡ ಮದ್ದು ಪ್ರಶ್ನೆಯನ್ನೇ ಬದಲಿಸುವುದು. ಪರಿಸರ ಮಾಲಿನ್ಯದ ಮೇಲೆ ಪ್ರಬಂಧ ಕೇಳಿದರೆ ಎಲ್ಲರಿಂದಲೂ ಒಂದೇ ಪ್ರಬಂಧ ಬರುತ್ತದೆ. ಹಸಿ ಅಡಿಕೆ ಬೇಯಿಸಿ ಒಣಗಿಸುವ ತನಕದ ಹಂತಗಳನ್ನು ವಿವರಿಸಿ, ನಿಮ್ಮ ಊರಿನಿಂದ ತಾಲ್ಲೂಕು ಕೇಂದ್ರಕ್ಕೆ ಬಸ್ಸು ಬೇಕೆಂದು ಸಾರಿಗೆ ಅಧಿಕಾರಿಗಳಿಗೆ ಪತ್ರ ಬರೆಯಿರಿ ಎಂದರೆ ಇಳಿಸಿಕೊಳ್ಳುವುದಕ್ಕೆ ಎಲ್ಲಿಯೂ ಏನೂ ಸಿಗದು. ಇಂಥ ಪುಟಗಳಲ್ಲಿ ವ್ಯಾಕರಣದ ತಪ್ಪುಗಳು ಹೆಚ್ಚಿದ್ದವು. ಹಾಗೆಯೇ ಕರ್ಮಣಿ ಪ್ರಯೋಗವನ್ನೂ ಹಂತಸೂಚಕ ಪದಗಳನ್ನೂ ಅವರು ತಮ್ಮ ಅಗತ್ಯಕ್ಕಾಗಿ ಹುಡುಕಿ ಬಳಸಿದ್ದರು. ವ್ಯಾಕರಣ ಪಾಠದ ಬಿಟ್ಟ ಸ್ಥಳ ತುಂಬುವ ಅಭ್ಯಾಸದಿಂದ ಇದು ಬರುವುದಿಲ್ಲ.

ಇಷ್ಟು ಭಾಷಾ ಪತ್ರಿಕೆಯ ಮಾತು. ಭಾಷಣದ ಕೋರ್ಸು ಇದಕ್ಕಿಂತ ಬಹಳ ಕಠಿಣವಾದ ಪ್ರಶ್ನೆಯನ್ನು ಮುಂದಿಟ್ಟಿತು. ಕೋರ್ಸನ್ನು ಆನ್‌ಲೈನ್ ಮಾಡುವುದೆಂದರೆ ವಿದ್ಯಾರ್ಥಿಗಳು ತಮ್ಮ ಭಾಷಣದ ವಿಡಿಯೊ ಮಾಡಿ ಕಳಿಸುವುದು ಎಂದು ಎಲ್ಲರೂ ಸಹಜವಾಗಿ ಭಾವಿಸಿದ್ದರು. ಆದರೆ ಎದುರಿಗೆ ಯಾರೂ ಇಲ್ಲದೆ ಫೋನಿನ ಮುಂದೆ ಆಡಿದ ಮಾತು ಭಾಷಣವಾಗುವುದಿಲ್ಲ. ಚೆನ್ನಾಗಿ ಬರುವ ತನಕ ಮತ್ತೆ ಮತ್ತೆ ಮುದ್ರಿಸಬಹುದು, ಫೋನಿನ ಹಿಂದೆ ಗೋಡೆಗೆ ಹಾಳೆ ಅಂಟಿಸಿ ಓದಬಹುದು. ಅದರಲ್ಲಿ ಧೈರ್ಯಕ್ಕೂ ಕೆಲಸವಿಲ್ಲ, ಕೇಳುಗರ ಮುಖ ನೋಡಿ ಮಾತು ಬದಲಿಸುವ ಜಾಣ್ಮೆಗೂ ಕೆಲಸವಿಲ್ಲ. ಅರಿಸ್ಟಾಟಲ್‌ನಿಂದ ಹಿಡಿದು ಇವತ್ತಿನ ಪಠ್ಯಪುಸ್ತಕಗಳ ತನಕ ಭಾಷಣ ಕಲೆಯ ಶಾಸ್ತ್ರವೆಲ್ಲ ಕೇಳುಗರನ್ನು ಕೇಂದ್ರದಲ್ಲಿಟ್ಟುಕೊಂಡೇ ಬೆಳೆದಿದೆ. ಆದ್ದರಿಂದ ಆನ್‌ಲೈನ್‌ಗೆ ಮೊದಲು ಒಯ್ಯಬೇಕಾದುದು ಕೇಳುಗರನ್ನು, ಭಾಷಣ ಆಮೇಲೆ ಎಂದು ತೀರ್ಮಾನಿಸಿದೆ.

ಹುಡುಕಬೇಕಾದ ಅಗತ್ಯವಿಲ್ಲದ ಕೇಳುಗರು ಪ್ರತಿ ವಿದ್ಯಾರ್ಥಿಯ ಮನೆಯಲ್ಲೇ ಇದ್ದರು: ಅಪ್ಪ, ಅಮ್ಮ, ಅಜ್ಜಿ, ಪಕ್ಕದ ಮನೆಯ ಚಿಕ್ಕಮ್ಮ. ಅಮೆರಿಕದ ಹಲವು ಕಾಲೇಜುಗಳ ಆನ್‌ಲೈನ್ ಭಾಷಣ ಕೋರ್ಸುಗಳಲ್ಲಿ ನಾಲ್ಕಾರು ವಯಸ್ಕರನ್ನು ಎದುರಿಗೆ ಕೂರಿಸಿಕೊಂಡು ಮಾತಾಡಲೇಬೇಕೆಂಬ ನಿಯಮ ಮೊದಲಿನಿಂದ ಇದೆ. ನಮ್ಮಲ್ಲಿ ಅದಕ್ಕೊಂದು ತೊಡಕಿತ್ತು, ಮನೆಯ ಕೇಳುಗರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆ ತೊಡಕನ್ನೇ ಕೋರ್ಸಿನ ಬೆನ್ನೆಲುಬಾಗಿಸಿಕೊಂಡೆ. ಪ್ರತಿ ಭಾಷಣವನ್ನೂ ಎರಡು ಸಲ ಮಾಡಬೇಕು: ಮೊದಲು ಮನೆಯವರಿಗೆ ಕನ್ನಡದಲ್ಲಿ, ಕೆಲವು ದಿನಗಳ ನಂತರ ಸಹಪಾಠಿಗಳಿಗೆ ಇಂಗ್ಲಿಷಿನಲ್ಲಿ. ಕನ್ನಡದ ಭಾಷಣ ಮುಗಿದ ಕೂಡಲೇ ಕೇಳಿದವರೊಬ್ಬರನ್ನು, ನಾನು ಏನು ಹೇಳಿದೆನೆಂದು ನಿಮ್ಮ ಮಾತಿನಲ್ಲಿ ಹೇಳಿ ಎಂದು ಕೇಳಿ, ಅವರ ಒಪ್ಪಿಗೆ ಪಡೆದು, ಆ ಉತ್ತರವನ್ನು ಅರ್ಧ ನಿಮಿಷ ಮುದ್ರಿಸಿ ನನಗೆ ಕಳಿಸಬೇಕು. ಭಾಷಣದ ಧ್ವನಿಮುದ್ರಣವನ್ನು ಕಳಿಸಲು ನಾನು ಹೇಳಲಿಲ್ಲ. ಕೇಳುಗರ ಉತ್ತರವನ್ನಷ್ಟೇ ತರಿಸಿಕೊಂಡೆ. ಭಾಷಣ ಎಷ್ಟು ತಲುಪಿತು ಎಂಬುದಕ್ಕೆ ಅದಕ್ಕಿಂತ ಪ್ರಾಮಾಣಿಕವಾದ ಅಳತೆ ನನಗೆ ಇನ್ನೂ ಸಿಕ್ಕಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಕೇಳುಗರ ಮನವೊಲಿಸುವ ಭಾಷಣಕ್ಕೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಅಲನ್ ಮನ್ರೊ 1930ರ ದಶಕದಲ್ಲಿ ರೂಪಿಸಿದ ಐದು ಹಂತಗಳ ಕ್ರಮವನ್ನು ಕಲಿಸುತ್ತೇನೆ: ಗಮನ ಸೆಳೆಯುವುದು, ಕೊರತೆಯನ್ನು ತೋರಿಸುವುದು, ಪರಿಹಾರ ಹೇಳುವುದು, ಪರಿಹಾರದಿಂದಾಗುವ ಬದಲಾವಣೆಯನ್ನು ಕಣ್ಣಿಗೆ ಕಟ್ಟಿಸುವುದು, ಕೊನೆಗೆ ಇಂಥದನ್ನು ಮಾಡಿ ಎಂದು ಕರೆಕೊಡುವುದು. ಒಬ್ಬಳು ವಿದ್ಯಾರ್ಥಿನಿ ಮಂಗನ ಕಾಯಿಲೆಯ ವಿಷಯ ಆರಿಸಿಕೊಂಡಳು. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮೊದಲು ಗುರುತಿಸಲಾದ, ಉಣುಗು ಕಚ್ಚುವುದರಿಂದ ಹರಡುವ ಈ ಕಾಯಿಲೆ ಇಲ್ಲಿನವರಿಗೆ ಪ್ರತಿ ಬೇಸಿಗೆಯ ಭಯ. ಸೊಪ್ಪು, ದರಗು ತರಲು ಕಾಡಿಗೆ ಹೋಗುವ ಮುನ್ನ ಉಣುಗು ಹತ್ತದಂತೆ ಎಣ್ಣೆ ಹಚ್ಚಿಕೊಳ್ಳಿ ಎಂದು ಆಕೆ ತನ್ನ ಅಪ್ಪನನ್ನು ಒಪ್ಪಿಸಬೇಕಿತ್ತು. ಅಂದರೆ ಆ ಭಾಷಣದ ಕೇಳುಗ ನಿಜವಾಗಿಯೂ ಕಾಡಿಗೆ ಹೋಗುವವನು, ನಿಜವಾಗಿಯೂ ಎಣ್ಣೆ ಹಚ್ಚಿಕೊಳ್ಳದವನು. ಆಕೆ ಕಳಿಸಿದ ಧ್ವನಿಯಲ್ಲಿ ಅಪ್ಪ ಹೇಳಿದ್ದು ಇಷ್ಟು: "ಚೆನ್ನಾಗೇ ಹೇಳ್ದೆ ಮಗಾ. ಆದ್ರೆ ಆ ಎಣ್ಣೆ ಎಲ್ಲಿ ಕೊಡ್ತಾರೆ, ಎಷ್ಟ್ ಹೊತ್ತಿಗೊಂದ್ಸಲ ಹಚ್ಕಬೇಕು, ಅದನ್ನ ಹೇಳ್ಲೇ ಇಲ್ವಲ್ಲ." ಮನ್ರೊ ಕ್ರಮದ ಮೂರನೆಯ ಹಂತದಲ್ಲಿ ಇರಬೇಕಾದ ಸಾಮಗ್ರಿ ಇಲ್ಲವೆಂಬುದನ್ನು ಯಾವ ಅಧ್ಯಾಪಕರೂ ಇದಕ್ಕಿಂತ ಚೆನ್ನಾಗಿ ಹೇಳಲಾರರು. ಆಕೆ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಂಡು ಭಾಷಣವನ್ನು ತಿದ್ದಿದಳು. ಇಂಗ್ಲಿಷಿನಲ್ಲಿ ಅದನ್ನು ಹೇಳುವ ಹೊತ್ತಿಗೆ ಆಕೆಗೆ ವಿಷಯ ಎಷ್ಟು ಸ್ಪಷ್ಟವಾಗಿತ್ತೆಂದರೆ, ಪದಗಳು ಸಿಗದೆ ನಿಂತ ಕಡೆಗಳಲ್ಲಿಯೂ ಮಾತಿನ ದಾರಿ ತಪ್ಪಲಿಲ್ಲ.

ಇಂಗ್ಲಿಷ್ ಭಾಷಣದ ಭಯದಲ್ಲಿ ಬಹುಪಾಲು ಭಾಷೆಯ ಭಯ, ಸಭೆಯ ಭಯವಲ್ಲ ಎಂದು ಅನೇಕರು ತಿಳಿದಿದ್ದಾರೆ. ನಾನು ಕಂಡದ್ದು ಬೇರೆ. ಕನ್ನಡದಲ್ಲಿ ಅಮ್ಮನ ಮುಂದೆ ಎದ್ದುನಿಂತು ಮೂರು ನಿಮಿಷ ಒಂದೇ ವಿಷಯದ ಮೇಲೆ ಕ್ರಮವಾಗಿ ಮಾತಾಡುವುದೂ ಅವರಿಗೆ ಅಷ್ಟೇ ಕಷ್ಟವಾಯಿತು, ಏಕೆಂದರೆ ಅದನ್ನು ಅವರಿಗೆ ಯಾವ ಭಾಷೆಯಲ್ಲಿಯೂ ಯಾರೂ ಕಲಿಸಿರಲಿಲ್ಲ. ಎರಡು ಕಷ್ಟಗಳನ್ನು ಬೇರ್ಪಡಿಸಿ ಒಂದಾದ ಮೇಲೆ ಒಂದನ್ನು ಎದುರಿಸಿದಾಗ ಎರಡೂ ಹಗುರವಾದವು.

ಇಂಗ್ಲಿಷ್ ಭಾಷಣಕ್ಕೆ ಸಹಪಾಠಿಗಳನ್ನು ಕೂಡಿಸುವುದಕ್ಕೆ ವಾಟ್ಸ್ಆ್ಯಪ್ ಗುಂಪು ಕರೆಯನ್ನೇ ಬಳಸಿದೆ. 2020ರ ಏಪ್ರಿಲ್ ಕೊನೆಯಲ್ಲಿ ಅದರ ಮಿತಿ ನಾಲ್ಕು ಜನರಿಂದ ಎಂಟಕ್ಕೆ ಏರಿತ್ತು. ಹಾಗಾಗಿ ನನ್ನ ಹೊರತು ಏಳು ವಿದ್ಯಾರ್ಥಿಗಳಿರುವ ತಂಡಗಳನ್ನು ಮಾಡಿದೆ. ಗೂಗಲ್ ಮೀಟ್‌ನಲ್ಲಿ ಇಡೀ ತರಗತಿಯನ್ನು ಸೇರಿಸಬಹುದಿತ್ತು, ಆದರೆ ಭಾಷಣ ಕಲಿಯುವವರಿಗೆ ಅರವತ್ತು ಮೌನ ಹೆಸರುಗಳಿಗಿಂತ ಆರು ಜೀವಂತ ದನಿಗಳು ಮೇಲು. ತಂಡದಲ್ಲಿ ಯಾರೂ ಸುಮ್ಮನೆ ಕೇಳುವಂತಿರಲಿಲ್ಲ. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಆನಾದಲ್ಲಿ ರಾಲ್ಫ್ ಸ್ಮೆಡ್ಲಿ ಆರಂಭಿಸಿದ, ಭಾಷಣ ಅಭ್ಯಾಸಕ್ಕೆಂದೇ ಇರುವ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳಲ್ಲಿ ಪ್ರತಿಯೊಬ್ಬರಿಗೂ ಒಂದು ಪಾತ್ರ ಹಂಚುವ ಪದ್ಧತಿ ಇದೆ, ಅದನ್ನೇ ತಂದುಕೊಂಡೆ. ಒಬ್ಬರು ಸಮಯ ನೋಡುತ್ತಾರೆ, ಒಬ್ಬರು ಮಾತಿನ ನಡುವಿನ ಅನಗತ್ಯ ಉದ್ಗಾರಗಳನ್ನು ಎಣಿಸುತ್ತಾರೆ, ಒಬ್ಬರು ಭಾಷಣದ ಮುಖ್ಯ ಅಂಶವನ್ನು ಒಂದೇ ವಾಕ್ಯದಲ್ಲಿ ಮರಳಿ ಹೇಳುತ್ತಾರೆ, ಉಳಿದವರು ತಲಾ ಒಂದು ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆಗಳಿಗೆ ಆ ಕ್ಷಣದಲ್ಲೇ ಉತ್ತರಿಸಬೇಕಾದ್ದರಿಂದ, ಭಾಷಣವನ್ನು ಬಾಯಿಪಾಠ ಮಾಡಿ ಬಂದವರಿಗೂ ಕೊನೆಗೆ ತಮ್ಮದೇ ಇಂಗ್ಲಿಷಿನಲ್ಲಿ ಮಾತಾಡದೆ ಬೇರೆ ದಾರಿ ಇರಲಿಲ್ಲ. ಅಂಕಗಳ ಅರ್ಧವನ್ನು ನಾನು ಈ ಉತ್ತರಗಳಿಗೇ ಮೀಸಲಿಟ್ಟಿದ್ದೆ.

ಧ್ವನಿ ಕರೆಯಲ್ಲಿ ಕೈಗಳಿಗೂ ಕಣ್ಣುಗಳಿಗೂ ಕೆಲಸವಿಲ್ಲ. ಅದನ್ನು ಕೊರತೆಯೆಂದು ನೋಡದೆ, ಕೋರ್ಸಿನ ಮೊದಲ ಭಾಗವನ್ನು ಸಂಪೂರ್ಣವಾಗಿ ದನಿಗೆ ಬಿಟ್ಟುಕೊಟ್ಟೆ: ವೇಗ, ಒತ್ತು, ವಿರಾಮ. ಸ್ವಾಮಿ ವಿವೇಕಾನಂದರು 1893ರ ಸೆಪ್ಟೆಂಬರ್ 11ರಂದು ಷಿಕಾಗೊದಲ್ಲಿ ಮಾಡಿದ ಭಾಷಣ ಇದಕ್ಕೆ ಒಳ್ಳೆಯ ಪಾಠ. ಐದು ನಿಮಿಷದೊಳಗೆ ಓದಿ ಮುಗಿಸಬಹುದಾದಷ್ಟು ಚಿಕ್ಕದು. ಅದರ ಮೂಲ ಧ್ವನಿಮುದ್ರಣ ಇಲ್ಲ, ಅವರದೇ ದನಿಯೆಂದು ಹರಿದಾಡುವ ಮುದ್ರಣಗಳೆಲ್ಲ ನಂತರ ಬೇರೆಯವರು ಓದಿದವು. ಹಾಗಾಗಿ ಅನುಕರಿಸುವುದಕ್ಕೆ ಮಾದರಿ ಇಲ್ಲ. ಎಲ್ಲಿ ನಿಲ್ಲಬೇಕು, ಯಾವ ಪದ ಏರಬೇಕು ಎಂಬುದನ್ನು ಪ್ರತಿಯೊಬ್ಬರೂ ಹಾಳೆಯ ಮೇಲೆ ಗೆರೆ ಎಳೆದು ತಾವೇ ನಿರ್ಧರಿಸಬೇಕು. ಏಳು ಜನ ಏಳು ಬಗೆಯಲ್ಲಿ ಓದಿದಾಗ ಯಾವ ವಿರಾಮ ಅರ್ಥವನ್ನು ಬೆಳಗಿಸಿತು, ಯಾವುದು ಮಸುಕು ಮಾಡಿತು ಎಂಬ ಚರ್ಚೆ ತಾನಾಗಿ ಹುಟ್ಟಿತು. ಆನ್‌ಲೈನ್ ಕರೆಯಲ್ಲಿ ದನಿ ಅರೆಕ್ಷಣ ತಡವಾಗಿ ತಲುಪುವುದರಿಂದ ಉದ್ದನೆಯ ವಿರಾಮವನ್ನು ಕೇಳುಗರು ಸಂಪರ್ಕ ಕಡಿದಿದೆಯೆಂದು ತಿಳಿಯುತ್ತಾರೆ. ಆದ್ದರಿಂದ ಕರೆಯಲ್ಲಿ ವಿರಾಮವನ್ನು ಎಷ್ಟು ಎಳೆಯಬಹುದು, ಸಭಾಂಗಣದಲ್ಲಿ ಎಷ್ಟು ಎಂಬ ವ್ಯತ್ಯಾಸವನ್ನೂ ಹೇಳಿಕೊಡಬೇಕಾಯಿತು.

ದೇಹಭಾಷೆಗಾಗಿ ಒಂದೇ ಒಂದು ವಿಡಿಯೊ ಕೇಳಿದೆ, ಅದೂ ಕೋರ್ಸಿನ ಕೊನೆಯ ಭಾಗದಲ್ಲಿ. ಎದ್ದುನಿಂತು ಮಾತಾಡಬೇಕು, ಫೋನನ್ನು ಕಣ್ಣಿನ ಎತ್ತರಕ್ಕೆ ಕಪಾಟಿನ ಮೇಲಿಡಬೇಕು, ತಲೆಯಿಂದ ಸೊಂಟದ ತನಕ ಕಾಣುವಷ್ಟು ದೂರ ನಿಲ್ಲಬೇಕು, ಬೆಳಕು ಮುಖಕ್ಕೆ ಬೀಳುವಂತೆ ಕಿಟಕಿಗೆ ಎದುರಾಗಿರಬೇಕು, ನಡುವೆ ಕತ್ತರಿಸದೆ ಒಂದೇ ಓಟದಲ್ಲಿ ಮುದ್ರಿಸಬೇಕು. ಫೋನಿನ ಪಕ್ಕದಲ್ಲಿ ಮನೆಯವರೊಬ್ಬರು ಕೂತಿರಲೇಬೇಕು, ಮಾತು ಅವರನ್ನು ನೋಡಿ ಆಡಬೇಕು. ವಿಡಿಯೊವನ್ನು ತರಗತಿಯ ಗುಂಪಿಗೆ ಹಾಕುವಂತಿಲ್ಲ. ಗೂಗಲ್ ಕ್ಲಾಸ್‌ರೂಮಿನಲ್ಲಿ ನನಗೆ ಮಾತ್ರ ಕಾಣುವಂತೆ ಸಲ್ಲಿಸಬೇಕು, ಅಂಕ ನೀಡಿದ ಮೇಲೆ ಅಳಿಸಲಾಗುವುದೆಂದು ಮೊದಲೇ ಬರೆದು ತಿಳಿಸಿದ್ದೆ. ತಮ್ಮ ಮುಖ ಯಾರ್ಯಾರ ಫೋನಿಗೆ ಹೋಗುತ್ತದೋ ಎಂಬ ಆತಂಕ ಹೆಣ್ಣುಮಕ್ಕಳಿಗೆ ಇರುತ್ತದೆ. ತಮ್ಮ ಮನೆಯ ಗೋಡೆ, ಸೂರು ಎಲ್ಲರಿಗೂ ಕಾಣುವುದನ್ನು ಬಡ ಮನೆಯ ಮಕ್ಕಳು ಬಯಸುವುದಿಲ್ಲ. ಕ್ಯಾಮೆರಾ ಕಡ್ಡಾಯ ಮಾಡುವ ಅಧ್ಯಾಪಕರು ಈ ಎರಡನ್ನೂ ಗಂಭೀರವಾಗಿ ಯೋಚಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ನನ್ನ ಎರಡೂ ಕೋರ್ಸುಗಳಲ್ಲಿ ಈ ಒಂದು ವಿಡಿಯೊದ ಹೊರತು ಕ್ಯಾಮೆರಾ ಎಲ್ಲಿಯೂ ಕಡ್ಡಾಯವಾಗಿರಲಿಲ್ಲ.

ದೂರಶಿಕ್ಷಣದ ವಿದ್ವಾಂಸ ಮೈಕೆಲ್ ಮೂರ್ 1989ರಲ್ಲಿ ಕಲಿಯುವವರ ಒಡನಾಟವನ್ನು ಮೂರು ಬಗೆಯೆಂದು ವಿಂಗಡಿಸಿದ್ದರು: ಪಾಠದೊಂದಿಗೆ, ಅಧ್ಯಾಪಕರೊಂದಿಗೆ, ತಮ್ಮ ತಮ್ಮಲ್ಲಿ. ಭಾಷೆಯ ಮಟ್ಟಿಗೆ ಮೂರನೆಯದೇ ಪ್ರಾಣ ಎಂದು ನನ್ನ ಅನಿಸಿಕೆ. ಕೊಠಡಿಯಲ್ಲಿ ಅದು ಬೆಂಚುಗಳ ನಡುವೆ ತಾನಾಗಿ ನಡೆಯುತ್ತದೆ. ಆನ್‌ಲೈನ್‌ನಲ್ಲಿ ಅಧ್ಯಾಪಕರು ಅದಕ್ಕೆ ದಿನ, ಹೊತ್ತು, ತಂಡ ಗೊತ್ತುಮಾಡದಿದ್ದರೆ ನಡೆಯುವುದೇ ಇಲ್ಲ. ನಾನು ತಂಡಗಳ ಕರೆಗಳನ್ನು ರಾತ್ರಿ ಎಂಟರ ಮೇಲೆ ಇಟ್ಟುಕೊಂಡೆ, ಏಕೆಂದರೆ ಆಗ ಫೋನು ಮನೆಗೆ ಬಂದಿರುತ್ತಿತ್ತು. ಅಧ್ಯಾಪಕರ ಸಮಯ ಇದರಲ್ಲಿ ಬಹಳ ಹೋಗುತ್ತದೆ ಎಂಬುದನ್ನು ಮರೆಮಾಚುವುದಿಲ್ಲ. ಧ್ವನಿಯಲ್ಲಿ ತಿದ್ದುವುದು, ಏಳೇಳು ಜನರನ್ನು ಪ್ರತ್ಯೇಕವಾಗಿ ಕೇಳುವುದು, ಕರೆಗೆ ಬಾರದವರನ್ನು ಮರುದಿನ ವಿಚಾರಿಸುವುದು, ಎಲ್ಲ ಸೇರಿದರೆ ಕೊಠಡಿಯ ಪಾಠಕ್ಕಿಂತ ಹೆಚ್ಚಿನ ದುಡಿಮೆ. ಆನ್‌ಲೈನ್ ಎಂದರೆ ಒಬ್ಬ ಅಧ್ಯಾಪಕರು ಹೆಚ್ಚು ವಿದ್ಯಾರ್ಥಿಗಳಿಗೆ ಕಲಿಸಬಹುದು ಎಂದು ಲೆಕ್ಕ ಹಾಕುವವರು ಭಾಷಾ ತರಗತಿಯನ್ನು ಆ ಲೆಕ್ಕದಿಂದ ಹೊರಗಿಡಬೇಕು.

2020ರ ನವೆಂಬರ್ 17ರಿಂದ ಪೋಷಕರ ಒಪ್ಪಿಗೆ ಪತ್ರ ಮತ್ತು ಕೋವಿಡ್ ಪರೀಕ್ಷೆಯ ವರದಿಯೊಂದಿಗೆ ಪದವಿ ಕಾಲೇಜುಗಳು ಬಾಗಿಲು ತೆರೆದವು. 2021ರ ಏಪ್ರಿಲ್ ಕೊನೆಯಲ್ಲಿ ಎರಡನೆಯ ಅಲೆ ಬಂದು ರಾಜ್ಯ ಮತ್ತೆ ಮುಚ್ಚಿಕೊಂಡಾಗ, ತಂಡಗಳೂ ಧ್ವನಿ ಪಾಠಗಳೂ ಸಿದ್ಧವಿದ್ದುದರಿಂದ ಪಾಠ ನಿಲ್ಲಲಿಲ್ಲ. ಆಮೇಲೆ ಕಾಲೇಜು ಎಂದಿನಂತೆ ನಡೆಯತೊಡಗಿದಾಗ ಯಾವುದನ್ನು ಇಟ್ಟುಕೊಳ್ಳಬೇಕೆಂದು ತೀರ್ಮಾನಿಸುವುದು ಸುಲಭವಿತ್ತು. ಪಠ್ಯ ಓದಿದ ಧ್ವನಿ ತುಣುಕುಗಳನ್ನು ಈಗಲೂ ಪ್ರತಿ ಸೆಮಿಸ್ಟರಿನಲ್ಲಿ ಕಳಿಸುತ್ತೇನೆ, ಹೆಚ್ಚಿನ ತಿದ್ದುಪಡಿಯನ್ನೂ ಧ್ವನಿಯಲ್ಲೇ ಮಾಡುತ್ತೇನೆ. ವಿಡಿಯೊ ಸಲ್ಲಿಕೆಯನ್ನು ಪೂರ್ತಿ ಕೈಬಿಟ್ಟೆ. ಮೈಕ್ ಇಲ್ಲದೆ ಕೊನೆಯ ಬೆಂಚಿಗೆ ದನಿ ತಲುಪಿಸುವುದು, ನೂರು ಜನರ ಗದ್ದಲ ತಣಿಯುವ ತನಕ ಕಾಯುವುದು, ವೇದಿಕೆಯ ಮೇಲೆ ಕಾಲೂರಿ ನಿಲ್ಲುವುದು, ಇವನ್ನು ಫೋನಿನ ಮೂಲಕ ಕಲಿಸುವ ದಾರಿ ನನಗೆ ಸಿಗಲಿಲ್ಲ; ಹಾಗಾಗಿ 30 ಗಂಟೆಗಳ ದೊಡ್ಡ ಪಾಲು ಈಗ ಸಭಾಂಗಣಕ್ಕೆ ಸಲ್ಲುತ್ತದೆ. ಆದರೆ ಸಭಾಂಗಣಕ್ಕೆ ಬರುವ ಮುನ್ನ ಪ್ರತಿಯೊಬ್ಬರೂ ಮನೆಯಲ್ಲಿ ಕನ್ನಡದ ಭಾಷಣ ಮುಗಿಸಿ, ಕೇಳಿದವರ ಅರ್ಧ ನಿಮಿಷದ ಉತ್ತರವನ್ನು ನನಗೆ ಕಳಿಸಿರಬೇಕೆಂಬ ನಿಯಮದಲ್ಲಿ ಬದಲಾವಣೆಯಿಲ್ಲ.